ಕೆಂಧೂಳಿನ ಊರಿನಲ್ಲಿ ಕಾರಿಗೆ ಯಾವ ಏಸಿ ಫಿಲ್ಟರ್?

ಹೋದ ಯುಗಾದಿಯ ಹಿಂದಿನ ಭಾನುವಾರ ನಮ್ಮ ಕಾರಿನ ಏಸಿ ಫಿಲ್ಟರನ್ನು ಹೊರಗೆಳೆದು, ಅಂಗಳದಲ್ಲಿ ಹಾಸಿದ್ದ ಹಳೆಯ ದಿನಪತ್ರಿಕೆಯ ಮೇಲೆ ಮೆಲ್ಲಗೆ ತಟ್ಟಿದೆ. ಕುಂಕುಮದ ಭರಣಿ ಮಗುಚಿದಂತೆ ಕೆಂಪು ಹುಡಿ ಉದುರಿತು. ಮಡಿಕೆಗಳ ಸಂದಿಯಲ್ಲಿ ಎರಡು ಒಣ ಬೇವಿನೆಲೆ, ಯಾವುದೋ ಹುಳದ ರೆಕ್ಕೆ, ಒಂದಿಷ್ಟು ಭತ್ತದ ಹೊಟ್ಟು. ಆರು ತಿಂಗಳ ಹಿಂದೆ ಹಾಕುವಾಗ ಅದು ಹಾಲಿನಂತೆ ಬೆಳ್ಳಗಿತ್ತು. ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಬೆರಳಿನ ಗೆರೆಗಳಲ್ಲಿ ಕೂತ ಕೆಂಪು ಎರಡು ಸಲ ಸೋಪು ಹಚ್ಚಿದರೂ ಬಿಡಲಿಲ್ಲ. ಆ ಫಿಲ್ಟರ್ ಇಲ್ಲದೆ ಹೋಗಿದ್ದರೆ ಅದೆಲ್ಲ ಕಾರಿನೊಳಗೆ ಬರುತ್ತಿತ್ತು, ಹಿಂದಿನ ಸೀಟಿನಲ್ಲಿ ಕೂರುವ ನಮ್ಮ ಅಪ್ಪನ ಎದೆಗೂ ಇಳಿಯುತ್ತಿತ್ತು. ಅಪ್ಪನಿಗೆ ದಮ್ಮು ಇದೆ.

ಅಂಗಡಿಯಲ್ಲಿ ಇದಕ್ಕೆ ಕ್ಯಾಬಿನ್ ಫಿಲ್ಟರ್ ಎಂದರೂ ಸಿಗುತ್ತದೆ, ಏಸಿ ಫಿಲ್ಟರ್ ಎಂದರೂ ಸಿಗುತ್ತದೆ. ಬರಿಯ ಏರ್ ಫಿಲ್ಟರ್ ಎಂದು ಕೇಳಿದರೆ ಮಾತ್ರ ಎಂಜಿನ್ನಿನದನ್ನು ಕೈಗಿಡುತ್ತಾರೆ. ಅದು ಬೇರೆ, ಬಾನೆಟ್ ಕೆಳಗೆ ಕೂರುವಂಥದ್ದು. ನಾನು ಹೇಳುತ್ತಿರುವುದು ನಾವು ಉಸಿರಾಡುವ ಗಾಳಿಯನ್ನು ಸೋಸುವ ಫಿಲ್ಟರಿನ ಬಗ್ಗೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕಾರು ಓಡಿಸುವ ಹೆಚ್ಚಿನವರಿಗೆ ಸಾದಾ ಫಿಲ್ಟರ್ ಸಾಕು, ಆದರೆ ವರ್ಷಕ್ಕೆ ಎರಡು ಸಲ ಬದಲಿಸಬೇಕು. ದುಬಾರಿ ಫಿಲ್ಟರ್ ಹಾಕಿ ಎರಡು ವರ್ಷ ಮರೆತುಬಿಡುವುದಕ್ಕಿಂತ ಇದು ಎಲ್ಲ ರೀತಿಯಲ್ಲೂ ಮೇಲು. ಕಾರ್ಬನ್ ಫಿಲ್ಟರ್ ಕೆಲವರಿಗೆ ನಿಜವಾಗಿ ಬೇಕು. ಅವರು ಯಾರು ಎನ್ನುವುದಕ್ಕೆ ಬರುತ್ತೇನೆ. ತೊಳೆದು ಮತ್ತೆ ಹಾಕುವ ಫಿಲ್ಟರನ್ನು ನಮ್ಮ ಕಡೆಯ ಧೂಳಿಗೆ ಯಾರಿಗೂ ಹೇಳಲಾರೆ.

ಊರಿಗೊಂದು ಧೂಳು

ಫಿಲ್ಟರ್ ಆರಿಸುವ ಮೊದಲು ನಿಮ್ಮ ಕಾರು ತಿನ್ನುತ್ತಿರುವ ಧೂಳು ಯಾವುದು ಎಂದು ನೋಡಿಕೊಳ್ಳಬೇಕು. ನಮ್ಮ ಮೂರು ಜಿಲ್ಲೆಗಳಲ್ಲಿ ಅದು ಒಂದೇ ಬಗೆಯದಲ್ಲ.

ಸಂಡೂರು, ದೋಣಿಮಲೈ, ತೋರಣಗಲ್ಲು ಕಡೆ ಅದಿರಿನ ಕೆಂಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವುದಕ್ಕೆ ಮೊದಲಿನ ದಿನಗಳನ್ನು ಕಂಡವರಿಗೆ ಈಗಿನದು ಏನೂ ಅಲ್ಲ ಎನಿಸಬಹುದು. 2012-13ರಲ್ಲಿ ಷರತ್ತುಗಳ ಮೇಲೆ ಗಣಿಗಳು ಒಂದೊಂದಾಗಿ ಮತ್ತೆ ತೆರೆದವು. ಲಾರಿಗೆ ತಾಡಪಾಲು ಹೊದಿಸಿದ್ದರೂ ರಸ್ತೆಯ ಅಂಚಿನಲ್ಲಿ ಕೂತ ಹುಡಿ ಪ್ರತಿ ಚಕ್ರಕ್ಕೂ ಮೇಲೇಳುತ್ತದೆ. ಈ ಧೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು. ನೋಡಲು ಭಯವಾದರೂ ಸೋಸುವುದು ಸುಲಭ, ಸಾದಾ ಫಿಲ್ಟರ್ ಇದನ್ನು ಚೆನ್ನಾಗಿ ಹಿಡಿಯುತ್ತದೆ. ಹಿಡಿಯುವುದರಿಂದಲೇ ಬೇಗ ಕಟ್ಟಿಕೊಳ್ಳುತ್ತದೆ.

ಕಲ್ಲಿದ್ದಲು ಉರಿಸುವ ಉಷ್ಣ ವಿದ್ಯುತ್ ಸ್ಥಾವರಗಳಿರುವ ಕುಡಿತಿನಿ ಮತ್ತು ಶಕ್ತಿನಗರದ ಸುತ್ತ ಹಾರುಬೂದಿ ಸಾಗಿಸುವ ಲಾರಿಗಳು ಓಡಾಡುತ್ತವೆ. ಬೂದಿಯ ಕಣ ಅದಿರಿನ ಹುಡಿಗಿಂತ ಬಹಳ ಸಣ್ಣದು. ಕೊಪ್ಪಳದ ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಗಳ ನಡುವೆ ದಿನವೂ ಹಾದು ಹೋಗುವವರಿಗೆ ಧೂಳಿನ ಜೊತೆ ಹೊಗೆಯ ವಾಸನೆಯೂ ಸೇರುತ್ತದೆ. ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರು ಎಂದರೆ ಭತ್ತ. ಕಟಾವಿನ ಯಂತ್ರ ಗದ್ದೆಗಿಳಿದ ವಾರ ರಸ್ತೆಯ ಮೇಲೆಲ್ಲ ಹೊಟ್ಟು ತೇಲುತ್ತದೆ, ಆಮೇಲೆ ಹುಲ್ಲು ಸುಟ್ಟ ಹೊಗೆ. ಕುರುಗೋಡು ಕಡೆ ಮೆಣಸಿನಕಾಯಿ ಒಣ ಹಾಕಿದ ಕಾಲದಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೂ ಸೀನು ಬರುತ್ತದೆ. ರಾಯಚೂರಿನಲ್ಲಿ ಹತ್ತಿಯ ಎಳೆ ಹಾರಿ ಬಂದು ಗಾಜಿನ ಬುಡದ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಾರಿಗೆ ಹೊರಗಿನ ಗಾಳಿ ಬರುವುದು ಆ ಜಾಲರಿಯ ಮೂಲಕವೇ. ವೈಪರ್ ಬುಡದ ಆ ಜಾಗವನ್ನು ವಾರಕ್ಕೊಮ್ಮೆ ಕೈಯಿಂದ ಗುಡಿಸಿದರೆ ಫಿಲ್ಟರಿನ ಆಯುಸ್ಸು ಹೆಚ್ಚುತ್ತದೆ. ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸುವವರು ಇದನ್ನು ಮರೆಯಬಾರದು. ಬಳ್ಳಾರಿಯ ಬಿಸಿಲಿಗೆ ಬೇವಿನ ನೆರಳನ್ನು ಬಿಡಿ ಎಂದು ಹೇಳುವ ಮನಸ್ಸು ನನಗಿಲ್ಲ.

ಸಾದಾ, ಕಾರ್ಬನ್, ಹೆಪಾ, ತೊಳೆಯುವಂಥದ್ದು

ಕಾಗದದ ಫಿಲ್ಟರ್ ಎಂದು ಕರೆಯುವ ಸಾದಾ ಫಿಲ್ಟರ್ ನಿಜಕ್ಕೂ ಕಾಗದವಾಗಿರುವುದು ಕಡಿಮೆ. ಅದು ಪ್ಲಾಸ್ಟಿಕ್ ಎಳೆಗಳನ್ನು ನೇಯದೆ ಒತ್ತಿ ಮಾಡಿದ ಹಾಳೆ, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಕೂರಿಸಿರುತ್ತಾರೆ. ಎಷ್ಟೋ ಫಿಲ್ಟರುಗಳಲ್ಲಿ ಈ ಎಳೆಗಳಿಗೆ ಸ್ಥಿರ ವಿದ್ಯುತ್ತಿನ ಸೆಳೆತವನ್ನೂ ಕೊಟ್ಟಿರುತ್ತಾರೆ, ಸಣ್ಣ ಕಣಗಳು ಬಂದು ಅಂಟಿಕೊಳ್ಳಲೆಂದು. ನಮ್ಮ ಚಿಕ್ಕ ಕಾರಿನದಕ್ಕೆ ಬಿಡಿಭಾಗಗಳ ಅಂಗಡಿಯಲ್ಲಿ ನಾನು 300 ರೂಪಾಯಿ ಕೊಟ್ಟೆ. ಕೊಳ್ಳುವಾಗ ಹೆಸರಿಗಿಂತ ಮಡಿಕೆಗಳನ್ನು ನೋಡಿ. ಒಂದೇ ಅಳತೆಯ ಎರಡು ಫಿಲ್ಟರುಗಳನ್ನು ಪಕ್ಕಪಕ್ಕ ಇಟ್ಟು ಮಡಿಕೆ ಎಣಿಸಿ. ಅಗ್ಗದ ನಕಲಿಯಲ್ಲಿ ಮಡಿಕೆಗಳು ವಿರಳ, ಚೌಕಟ್ಟು ಮೆತ್ತಗೆ. ಮಡಿಕೆ ಹೆಚ್ಚಿದ್ದಷ್ಟೂ ಧೂಳು ಕೂರಲು ಜಾಗ ಹೆಚ್ಚು. ಚೌಕಟ್ಟು ಗಟ್ಟಿ ಇಲ್ಲದಿದ್ದರೆ ಅಂಚಿನ ಸಂದಿಯಿಂದ ಗಾಳಿ ನುಸುಳುತ್ತದೆ, ಆಗ ನಡುವಿನ ಹಾಳೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಸಾದಾ ಫಿಲ್ಟರಿನ ಇನ್ನೊಂದು ಗುಣ ನನಗೆ ಬಹಳ ಇಷ್ಟ: ಅದು ಬಿಳಿ. ಎಷ್ಟು ಕೊಳೆಯಾಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಬಿಸಿಲಿಗೆ ಹಿಡಿದು ಮಡಿಕೆಯನ್ನು ಬಿಡಿಸಿದಾಗ ಬೆಳಕು ಹಾಯದಿದ್ದರೆ ಅದರ ಕೆಲಸ ಮುಗಿಯಿತು.

ಕಾರ್ಬನ್ ಫಿಲ್ಟರ್ ಎಂದರೆ ಇದೇ ಹಾಳೆಯ ಜೊತೆಗೆ ಸಂಸ್ಕರಿಸಿದ ಇದ್ದಿಲಿನ ಪದರ. ಬೂದು ಅಥವಾ ಕಪ್ಪು ಬಣ್ಣ, ಕೈಯಲ್ಲಿ ತುಸು ಭಾರ. ಅದೇ ಅಂಗಡಿಯಲ್ಲಿ ನನ್ನ ಕಾರಿನ ಅಳತೆಗೆ 550 ರೂಪಾಯಿ ಕೇಳಿದರು. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಇದ್ದಿಲು ಇದೆ ಎಂದ ಮಾತ್ರಕ್ಕೆ ಅದು ಧೂಳನ್ನು ಹೆಚ್ಚು ಹಿಡಿಯುವುದಿಲ್ಲ. ಇದ್ದಿಲು ಹೀರುವುದು ವಾಸನೆಯನ್ನು, ಕೆಲವು ಅನಿಲಗಳನ್ನು. ಧೂಳಿಗೆ ಅದೇ ಮಡಿಕೆಗಳೇ ಗತಿ. ಜೊತೆಗೆ ಇದ್ದಿಲಿನ ಹೀರುವ ಶಕ್ತಿಗೆ ಮಿತಿಯಿದೆ, ತುಂಬಿದ ಮೇಲೆ ಅದು ಬರಿಯ ಭಾರ. ತೊಳೆದರೂ ಒಣಗಿಸಿದರೂ ಹಿಂದಿನಂತಾಗುವುದಿಲ್ಲ. ಹಾಕುವ ದಿನದವರೆಗೆ ಅದರ ಪ್ಲಾಸ್ಟಿಕ್ ಚೀಲ ಬಿಚ್ಚಬೇಡಿ, ಮನೆಯ ಅಟ್ಟದಲ್ಲೇ ಕೂತು ಅಲ್ಲಿನ ವಾಸನೆಯನ್ನೆಲ್ಲ ಹೀರಿಕೊಂಡುಬಿಡುತ್ತದೆ.

ಹಾಗಾದರೆ ಕಾರ್ಬನ್ ಯಾರಿಗೆ? ಗಿಣಿಗೇರಿ ಅಥವಾ ತೋರಣಗಲ್ಲಿನ ಕೈಗಾರಿಕಾ ಪ್ರದೇಶಕ್ಕೆ ದಿನವೂ ಹೋಗಿ ಬರುವವರಿಗೆ, ಅಕ್ಕಿ ಗಿರಣಿಗಳ ನಡುವೆಯೇ ಮನೆ ಇರುವವರಿಗೆ, ಡೀಸೆಲ್ ಹೊಗೆಗೆ ತಲೆ ಸಿಡಿಯುವವರಿಗೆ. ಇವರು ಕೂಡ ಸಾದಾ ಫಿಲ್ಟರಿನಷ್ಟೇ ಬೇಗ ಬದಲಿಸಬೇಕು. ದುಡ್ಡು ಹೆಚ್ಚು ಕೊಟ್ಟಿದ್ದೇನೆ, ಹೆಚ್ಚು ದಿನ ಬರಲಿ ಎನ್ನುವ ಲೆಕ್ಕ ಇಲ್ಲಿ ನಡೆಯದು. ಬಳ್ಳಾರಿಯ ಕೋಟೆಯ ಸುತ್ತಮುತ್ತ, ಕೌಲ್ ಬಜಾರಿನಿಂದ ರಾಯಲ್ ವೃತ್ತದವರೆಗೆ ಓಡಾಡುವ ಕಾರಿಗೆ ನಾನು ಆ 250 ರೂಪಾಯಿ ಉಳಿಸಿ ಸಾದಾ ಫಿಲ್ಟರನ್ನೇ ಹಾಕುತ್ತೇನೆ.

ಈಗ ಹೆಪಾ, ಎಂದರೆ ಅತಿ ಸಣ್ಣ ಕಣಗಳನ್ನೂ ತಡೆಯುವ ಬಿಗಿಯಾದ ಫಿಲ್ಟರ್. ಡಬ್ಬಿಯ ಮೇಲೆ ಆಸ್ಪತ್ರೆಯ ಚಿತ್ರ, ಪಿಎಂ 2.5 ಎಂಬ ದಪ್ಪ ಅಕ್ಷರ, 1,200 ರೂಪಾಯಿ ಬೆಲೆ. 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ ಎನ್ನುವುದು ನಿಜ. ಬೂದಿ, ಹೊಗೆಯ ವಿಷಯದಲ್ಲಿ ಇದು ಚಿಂತಿಸಬೇಕಾದ ಮಾತೇ. ಆದರೆ ನಿಜವಾದ ಹೆಪಾ ಎನ್ನಿಸಿಕೊಳ್ಳಲು 0.3 ಮೈಕ್ರಾನ್ ಕಣಗಳನ್ನು ನೂರಕ್ಕೆ 99.97ರಷ್ಟು ತಡೆಯಬೇಕು. ಅಷ್ಟು ಬಿಗಿಯಾದ ಹಾಳೆಯ ಮೂಲಕ ಗಾಳಿ ದಾಟಬೇಕಾದರೆ ಅದನ್ನು ದೂಡುವ ಫ್ಯಾನಿಗೆ, ಅಂದರೆ ಬ್ಲೋವರಿಗೆ, ಶಕ್ತಿ ಬೇಕು, ಅಂಚುಗಳಲ್ಲಿ ಕೂದಲಷ್ಟೂ ಸಂದಿ ಇರಬಾರದು. ಚಿಕ್ಕ ಕಾರಿನ ಬ್ಲೋವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ನಲವತ್ತು ಡಿಗ್ರಿ ದಾಟುವ ಮೇ ತಿಂಗಳಲ್ಲಿ ಏಸಿಯ ಗಾಳಿಯೇ ಕಡಿಮೆಯಾದರೆ ಯಾರು ತಡೆದುಕೊಳ್ಳುತ್ತಾರೆ? ಕಾರು ತಯಾರಿಸಿದ ಕಂಪನಿಯೇ ನಿಮ್ಮ ಮಾದರಿಗೆಂದು ಸಣ್ಣ ಕಣದ ಫಿಲ್ಟರ್ ಕೊಟ್ಟಿದ್ದರೆ ಧೈರ್ಯವಾಗಿ ಹಾಕಿ. ಬರಿಯ ಡಬ್ಬಿಯ ಮಾತು ನಂಬಿ ಕೊಳ್ಳಬೇಡಿ. ನಮ್ಮ ಅಪ್ಪನಿಗಾಗಿ ನಾನೂ ಒಮ್ಮೆ ಇದನ್ನು ಯೋಚಿಸಿದ್ದೆ. ಕೊನೆಗೆ ಸಾದಾ ಫಿಲ್ಟರನ್ನೇ ಇನ್ನೂ ಬೇಗ, ನಾಲ್ಕು ತಿಂಗಳಿಗೊಮ್ಮೆ ಬದಲಿಸುವುದೆಂದು ಹೋದ ಯುಗಾದಿಯಿಂದ ನಿಶ್ಚಯಿಸಿದೆ.

ತೊಳೆದು ಬಳಸುವ ಸ್ಪಂಜಿನ ಫಿಲ್ಟರಿನ ರಂಧ್ರಗಳು ದೊಡ್ಡವು. ಎಲೆ, ಹೊಟ್ಟು ನಿಲ್ಲುತ್ತವೆ, ನುಣ್ಣನೆಯ ಧೂಳು ದಾಟುತ್ತದೆ. ಸರಿಯಾಗಿ ಒಣಗದೆ ಹಾಕಿದರೆ ಬೂಷ್ಟು ಹಿಡಿದು ಮುಗ್ಗಲು ನಾತ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಸಾದಾ ಫಿಲ್ಟರನ್ನೇ ತೊಳೆಯುವವರೂ ಇದ್ದಾರೆ. ತೊಳೆದರೆ ಎಳೆಗಳ ಸೆಳೆತ ಕುಂದಬಹುದು, ಒಳಗಿನ ಧೂಳು ಕೆಸರಾಗಿ ಕಟ್ಟಿಕೊಳ್ಳುತ್ತದೆ. ಇನ್ನು ಕೆಲವು ಕಡೆ ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರಿನಿಂದ ಜೋರಾಗಿ ಊದಿ ವಾಪಸು ಹಾಕಿಬಿಡುತ್ತಾರೆ. ಆ ರಭಸಕ್ಕೆ ಹಾಳೆಯಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಗಾಳಿ ಚೆನ್ನಾಗಿ ಬರಲು ಶುರುವಾದದ್ದು ಕಂಡು ಫಿಲ್ಟರ್ ಸ್ವಚ್ಛವಾಯಿತು ಎಂದುಕೊಳ್ಳುತ್ತೇವೆ, ಅದು ಹರಿದಿದ್ದಕ್ಕೇ ಹಾಗೆ ಬರುತ್ತಿರಬಹುದು. ಎರಡು ಬದಲಾವಣೆಗಳ ನಡುವೆ ಒಮ್ಮೆ ಹೊರಗೆ ತೆಗೆದು ಕೈಯಲ್ಲಿ ತಟ್ಟಿ ಹಾಕುವುದರಲ್ಲಿ ತಪ್ಪಿಲ್ಲ. ಹೊಸದರ ಜಾಗಕ್ಕೆ ಅದು ಬಾರದು.

ಕಿಲೋಮೀಟರಿನ ಲೆಕ್ಕವೋ, ಕಣ್ಣಿನ ಲೆಕ್ಕವೋ?

ಸಿರುಗುಪ್ಪದ ನಮ್ಮ ಭಾವ ಕಾರಿನ ವಿಷಯದಲ್ಲಿ ಕಟ್ಟುನಿಟ್ಟಿನ ಮನುಷ್ಯ. "ಕಂಪನಿಯ ಪುಸ್ತಕದಲ್ಲಿ 20,000 ಕಿಲೋಮೀಟರ್ ಎಂದು ಬರೆದಿದೆಯಪ್ಪ, ನನ್ನದು ಇನ್ನೂ ಒಂಬತ್ತು ಸಾವಿರ ಆಗಿದೆ" ಎಂದರು. ಕಳೆದ ಡಿಸೆಂಬರಿನಲ್ಲಿ, ಭತ್ತದ ಕಟಾವು ಮುಗಿದ ಮೇಲೆ, ಅವರ ಮನೆಯಂಗಳದಲ್ಲೇ ಫಿಲ್ಟರ್ ತೆಗೆದು ತೋರಿಸಿದೆ. ಮಡಿಕೆಗಳ ನಡುವೆ ಹೊಟ್ಟು ಹೆಣೆದುಕೊಂಡು ಚಾಪೆಯಂತಾಗಿತ್ತು. ಭಾವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಅವತ್ತು ಸಂಜೆಯೇ ಹೊಸದನ್ನು ತರಿಸಿದರು.

ಪುಸ್ತಕದ ಮಾತು ಸುಳ್ಳಲ್ಲ. ಸಾಮಾನ್ಯವಾಗಿ 15,000ದಿಂದ 30,000 ಕಿ.ಮೀ. ನಡುವೆ ಒಂದು ಅಂಕಿಯನ್ನೋ, ವರ್ಷಕ್ಕೊಮ್ಮೆ ಎಂದೋ ಕಂಪನಿಗಳು ಹೇಳುತ್ತವೆ. ಅದೇ ಪುಟದ ಕೆಳಗೆ, ಧೂಳು ಹೆಚ್ಚಿರುವ ಕಡೆ ಇನ್ನೂ ಬೇಗ ಬದಲಿಸಿ ಎಂಬ ಸಾಲೂ ಇರುತ್ತದೆ. ನಮಗೆ ಅನ್ವಯಿಸುವುದು ಆ ಕೆಳಗಿನ ಸಾಲು. ಅಪ್ಪನಿಗಾಗಿ ನಾಲ್ಕು ತಿಂಗಳಿಗೆ ಇಳಿಸುವ ಮೊದಲು ನಾನು ಹಿಡಿದಿದ್ದ, ಹೆಚ್ಚಿನವರಿಗೆ ಸಾಕಾಗುವ ದಾರಿ ಹಬ್ಬದ ಲೆಕ್ಕದ್ದು: ಯುಗಾದಿಗೆ ಒಂದು, ಆಯುಧ ಪೂಜೆಗೆ ಒಂದು. ಯುಗಾದಿಯ ಹೊತ್ತಿಗೆ ಕಟಾವಿನ ಹೊಟ್ಟೂ ಮೆಣಸಿನಕಾಯಿಯ ಘಾಟೂ ಸೇರಿ ಫಿಲ್ಟರ್ ತುಂಬಿರುತ್ತದೆ, ಮುಂದೆ ಏಸಿ ಹಗಲೆಲ್ಲ ಓಡಬೇಕಾದ ಬೇಸಿಗೆ. ಆಯುಧ ಪೂಜೆಯ ಹೊತ್ತಿಗೆ ಆಷಾಢದ ಗಾಳಿ ತಂದ ಮಣ್ಣಿನ ಮೇಲೆ ಮಳೆಗಾಲದ ತೇವ ಕೂತಿರುತ್ತದೆ. ಕಾರಿನ ಹೊರಮೈ ತೊಳೆದು, ಕುಂಬಳಕಾಯಿ ಒಡೆದು, ಹೂವಿನ ಹಾರ ಹಾಕುವ ದಿನ, ಫಿಲ್ಟರ್ ಕೂತಿರುವ ಗ್ಲೋವ್ ಬಾಕ್ಸಿನ ಹಿಂದಕ್ಕೂ ಒಮ್ಮೆ ಕೈ ಹಾಕಿದರೆ ಆಯಿತು. ಸಂಡೂರು, ಕುಡಿತಿನಿ ದಾರಿಯಲ್ಲಿ ದಿನವೂ ಓಡಾಡುವವರು ನಡುವೆ ಇನ್ನೊಂದು ಸಲ ತೆಗೆದು ನೋಡಬೇಕು.

ಹಬ್ಬದವರೆಗೆ ಕಾಯದಂತೆ ಕಾರೇ ಹೇಳುವ ಸೂಚನೆಗಳೂ ಇವೆ. ಬ್ಲೋವರನ್ನು ಮೂರು ನಾಲ್ಕಕ್ಕೆ ಏರಿಸಿದರೂ ಸದ್ದು ಹೆಚ್ಚುತ್ತದೆಯೇ ಹೊರತು ಗಾಳಿ ಹೆಚ್ಚುವುದಿಲ್ಲ. ಏಸಿ ಹಾಕಿದ ಮೊದಲ ನಿಮಿಷ ಮುಗ್ಗಲು ವಾಸನೆ. ಮಳೆಯಲ್ಲಿ ಗಾಜಿನ ಒಳಗಿನ ಮಂಜು ಬೇಗ ಬಿಡದು.

ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುವ ಒಂದು ಜಾಗವಿದೆ. ಏಸಿ ಸಾಲುತ್ತಿಲ್ಲ ಎಂದು ಹೋದರೆ "ಗ್ಯಾಸ್ ಕಡಿಮೆಯಾಗಿದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗ್ಯಾಸ್ ತುಂಬಿಸುವ ಮೊದಲು ಕಿಂಡಿಯ ಮುಂದೆ ಕೈ ಹಿಡಿದು ನೋಡಿ. ಬರುವ ಗಾಳಿ ತಣ್ಣಗಿದ್ದು, ಪ್ರಮಾಣ ಮಾತ್ರ ಕಡಿಮೆಯಿದ್ದರೆ ಮೊದಲ ಅನುಮಾನ ಫಿಲ್ಟರಿನ ಮೇಲೆ ಇರಲಿ. ಗಾಳಿ ಧಾರಾಳವಾಗಿ ಬಂದು ತಣ್ಣಗಿಲ್ಲದಿದ್ದರೆ ಆಗ ಗ್ಯಾಸಿನ ಮಾತು. ಫಿಲ್ಟರ್ ಹಾಳಾಗಿ ಧೂಳು ಒಳಗೆ ದಾಟಿದರೆ ಅದು ಹೋಗಿ ಕೂರುವುದು ಒದ್ದೆಯಾಗಿರುವ ಕೂಲಿಂಗ್ ಕಾಯಿಲ್ ಮೇಲೆ. ಅಲ್ಲಿ ಕೆಸರು ಕಟ್ಟಿದರೆ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚದೆ ಬೇರೆ ದಾರಿಯಿಲ್ಲ, ಖರ್ಚು ಸಾವಿರಗಳಲ್ಲಿ. ವರ್ಷಕ್ಕೆ ಎರಡು ಫಿಲ್ಟರಿಗೆ ಒಟ್ಟು 600 ರೂಪಾಯಿ ಇದರ ಮುಂದೆ ದೊಡ್ಡದಲ್ಲ.

ಮೆಕ್ಯಾನಿಕ್ಕೋ, ಸ್ವಂತ ಕೈಯೋ?

ಸ್ವಂತ ಕೈ ಎಂದೇ ನನ್ನ ಸಲಹೆ. ಒಂದು ಸರ್ವಿಸ್ ಸೆಂಟರಿನವರು ನನ್ನ ಬಿಲ್ಲಿನಲ್ಲಿ ಹೊಸ ಏಸಿ ಫಿಲ್ಟರಿನ ಬೆಲೆಯನ್ನೂ ಕೂಲಿಯನ್ನೂ ಸೇರಿಸಿದ್ದರು. ಮನೆಗೆ ಬಂದು ತೆಗೆದು ನೋಡಿದರೆ ಹಳೆಯದೇ ಇತ್ತು, ಚೌಕಟ್ಟಿನ ಅಂಚಿನಲ್ಲಿ ನಾನೇ ಪೆನ್ನಿನಿಂದ ಬರೆದಿದ್ದ ತಾರೀಖಿನ ಸಮೇತ. ಹಣ ವಾಪಸು ಬಂತು. ಅಪ್ಪ ಉಸಿರಾಡುವ ಗಾಳಿಯ ವಿಷಯದಲ್ಲಿ ಹೀಗೆ ಮಾಡಿದರಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಬೇರೆಯವರಿಂದ ಮಾಡಿಸಲೇಬೇಕಾದರೆ ಹಳೆಯದನ್ನು ಕೈಗೆ ಕೊಡಿ ಎಂದು ಮೊದಲೇ ಹೇಳಿ.

ಹೆಚ್ಚಿನ ಕಾರುಗಳಲ್ಲಿ ಫಿಲ್ಟರ್ ಇರುವುದು ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದೆ. ಕೆಲವು ಮಾದರಿಗಳಲ್ಲಿ ಕಾಲಿಡುವ ಜಾಗದ ಪಕ್ಕದಲ್ಲಿ, ಇನ್ನು ಕೆಲವದರಲ್ಲಿ ಬಾನೆಟ್ ಎತ್ತಿ ವೈಪರ್ ಬುಡದಲ್ಲಿ. ಈ ಎರಡು ಬಗೆಯವು ತುಸು ಕಷ್ಟ, ಮೊದಲ ಸಲ ತಿಳಿದವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಲವು ಹಳೆಯ ಚಿಕ್ಕ ಕಾರುಗಳಲ್ಲಿ, ಕಡಿಮೆ ಬೆಲೆಯ ಮಾದರಿಗಳಲ್ಲಿ ಜಾಗ ಬಿಟ್ಟಿದ್ದರೂ ಫಿಲ್ಟರನ್ನೇ ಹಾಕಿರುವುದಿಲ್ಲ. ನಿಮ್ಮದು ಹಾಗಿದ್ದರೆ ಇವತ್ತೇ ಒಂದು ತಂದು ಹಾಕಿ.

ಎಂಜಿನ್ ನಿಲ್ಲಿಸಿ, ಕೀಲಿ ತೆಗೆಯಿರಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಅದರ ಪಕ್ಕದಲ್ಲಿ ಸಣ್ಣ ದಾರ ಅಥವಾ ಕಡ್ಡಿಯಂಥ ಹಿಡಿತ ಇದ್ದರೆ ಬಿಡಿಸಿ. ಎರಡೂ ಬದಿಯನ್ನು ಅಂಗೈಯಿಂದ ಒಳಕ್ಕೆ ಒತ್ತಿದರೆ ಬಾಕ್ಸ್ ಕೆಳಗೆ ಜೋತು ಬೀಳುತ್ತದೆ. ಹಿಂದೆ ಉದ್ದನೆಯ ಕಪ್ಪು ಮುಚ್ಚಳ, ಬದಿಗಳಲ್ಲಿ ಕ್ಲಿಪ್. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಕಾರಿನ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ, ಚಳಿಗಾಲದ ಬೆಳಗಿನಲ್ಲಿ ಪೆಡಸು. ಎರಡರಲ್ಲೂ ಬಲ ಹಾಕಬೇಡಿ, ಕ್ಲಿಪ್ ಮುರಿದರೆ ಮುಚ್ಚಳ ಜೀವನವಿಡೀ ಗಡಗಡ ಎನ್ನುತ್ತದೆ. ಫಿಲ್ಟರನ್ನು ಎಳೆಯುವಾಗ ಅಡ್ಡಕ್ಕೇ ಹಿಡಿದು ನಿಧಾನವಾಗಿ ಎಳೆಯಿರಿ, ಓರೆಯಾದರೆ ಮೇಲಿನ ಧೂಳೆಲ್ಲ ಬ್ಲೋವರಿನೊಳಗೆ ಬೀಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಲವು ಕಾರುಗಳಲ್ಲಿ ಫಿಲ್ಟರ್ ಎರಡು ತುಂಡಾಗಿರುತ್ತದೆ, ಒಂದನ್ನು ತೆಗೆದು ಮುಗಿಯಿತು ಎಂದುಕೊಳ್ಳಬೇಡಿ.

ತೆಗೆದದ್ದನ್ನು ಕೆಳಗಿಡುವ ಮೊದಲು ಅದರ ಎರಡೂ ಮುಖ ನೋಡಿ. ಕೊಳೆ ಹೆಚ್ಚು ಕೂತ ಮುಖ ಯಾವುದೋ ಗಾಳಿ ಬರುವ ಕಡೆ ಅದು. ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಅದು ಸಾಮಾನ್ಯವಾಗಿ ಗಾಳಿ ಹರಿಯುವ ದಿಕ್ಕು. ಬಾಣದ ಬಾಲ ಕೊಳೆ ಮುಖವಿದ್ದ ಕಡೆಗೆ, ತುದಿ ಅದರ ಆಚೆಗೆ ಬರಬೇಕು. ಹಳೆಯದರ ಬಾಣವನ್ನೇ ನೋಡಿ ಹಾಕಿದರೆ ಸಾಲದು, ಹಿಂದೆ ಹಾಕಿದವರು ತಲೆಕೆಳಗಾಗಿ ಹಾಕಿರಬಹುದು; ಕೊಳೆ ಮಾತ್ರ ಸರಿಯಾದ ದಿಕ್ಕನ್ನೇ ತೋರಿಸುತ್ತದೆ. ಗೂಡಿನೊಳಗೆ ಒದ್ದೆ ಬಟ್ಟೆಯಿಂದ ಒರೆಸಿ, ಸಿಕ್ಕ ಎಲೆ, ಕಡ್ಡಿಗಳನ್ನು ಕೈಯಿಂದ ಎತ್ತಿ. ಹೊಸದು ಸಲೀಸಾಗಿ ಒಳಗೆ ಸರಿಯಬೇಕು. ಒತ್ತಿ ತುರುಕಬೇಕಾಗಿ ಬಂದರೆ ಅಳತೆ ತಪ್ಪಿದೆ, ಅಂಗಡಿಗೆ ವಾಪಸು ಒಯ್ಯಿರಿ. ಮುಚ್ಚಳ ಹಾಕುವ ಮೊದಲು ಅಂಚಿನಲ್ಲಿ ತಾರೀಖು, ಕಿಲೋಮೀಟರ್ ಬರೆಯಿರಿ. ಮೊದಲ ಸಲ ಅರ್ಧ ಗಂಟೆ ಬೇಕಾಗಬಹುದು, ಎರಡನೆಯ ಸಲ ಹತ್ತು ನಿಮಿಷ.

ಅದಿರಿನ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಒಳಗಾಳಿಯ ಗುಂಡಿ ಒತ್ತಿ, ಹೊರಗಿನ ಗಾಳಿಯನ್ನು ನಿಲ್ಲಿಸಿ. ಲಾರಿ ದಾಟಿ ರಸ್ತೆ ತೆರವಾದ ಮೇಲೆ ಮತ್ತೆ ಹೊರಗಾಳಿಗೆ ಬನ್ನಿ. ನಾಲ್ಕು ಜನ ಕೂತ ಕಾರಿನಲ್ಲಿ ಅದೇ ಗಾಳಿ ಸುತ್ತುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಓಡಿಸುವವರಿಗೆ ತೂಕಡಿಕೆ ಬರುತ್ತದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ನಾನು ಕುಡಿತಿನಿಯಲ್ಲಿ ಮುಚ್ಚಿ, ತೋರಣಗಲ್ಲು ದಾಟಿದ ಮೇಲೆ ತೆರೆಯುತ್ತೇನೆ.

ಹಳೆಯ ಫಿಲ್ಟರನ್ನು ಆಡುವ ಮಕ್ಕಳ ಹತ್ತಿರ ಕೊಡವಬೇಡಿ. ಆ ದಿನಪತ್ರಿಕೆಯಲ್ಲೇ ಹುಡಿ ಸಮೇತ ಸುತ್ತಿ, ದಾರ ಕಟ್ಟಿ, ಒಣ ಕಸದ ಜೊತೆ ಗಾಡಿಗೆ ಹಾಕಿ.